ಕೊಡುಗೈ ದೇಶ

"ಇಡೀ ಒಂದು ಬಂದರನ್ನ ಯಾರಾದ್ರೂ ಹೀಗೆ ಬಿಟ್ಟಿ ಕೊಟ್ಟು ಬರ್ತಾರಾ?"

ಇಸ್ತ್ರಿ ಅಂಗಡಿಯ ಒಡತಿ ಇದನ್ನು ಯಾರನ್ನೂ ಕೇಳಲಿಲ್ಲ. ಮೇಜಿನ ಮೇಲೆ ಅಂಗಾತ ಮಲಗಿದ್ದ ಬಿಳಿ ಅಂಗಿಯನ್ನು ನೋಡುತ್ತ, ಗಾಳಿಯನ್ನು ಕೇಳುವ ಹಾಗೆ ಕೇಳಿದಳು. ಉತ್ತರ ಕೊಡಬೇಕಾದ ಮಗಳು ಮೂಲೆಯ ಸ್ಟೂಲಿನ ಮೇಲೆ ಕೂತು ದಿಂಬಿನ ಕವರು ಮಡಿಸುತ್ತಿದ್ದಳು. ಅವಳು ವಿಶ್ವವಿದ್ಯಾಲಯದಲ್ಲಿ ಯುರೋಪ್ ಅಧ್ಯಯನದ ಪದವಿಗೆ ಓದುತ್ತಿದ್ದಳು, ಎರಡನೇ ವರ್ಷ. ಯಾವ ಒಪ್ಪಂದದ ಹೆಸರು ಹೇಳಿದರೂ ಸರಿ, ಮೊದಲಿನಿಂದ ಕೊನೆಯವರೆಗೆ ಪದ್ಯದ ಹಾಗೆ ಒಪ್ಪಿಸಿಬಿಡುತ್ತಿದ್ದಳು. ಬರೆಯುವ ಪರೀಕ್ಷೆಯಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮುಗ್ಗರಿಸಿದ್ದು ಅಣಕು ಸಭೆಯಲ್ಲಿ.

ಅಣಕು ಸಭೆಯೆಂದರೆ ತರಗತಿಯವರೆಲ್ಲ ಯುರೋಪಿನ ಒಂದೊಂದು ದೇಶವಾಗಿ ದುಂಡಗೆ ಕೂರುವುದು. ಎಲ್ಲರೂ ಹೂಂ ಅಂದರೆ ಮಾತ್ರ ನಿರ್ಣಯ; ಒಬ್ಬರು ಒಲ್ಲೆ ಅಂದರೂ ಅದು ಅಲ್ಲಿಗೇ ಬಿತ್ತು. ಇವಳ ಪಾಲಿಗೆ ಬಂದದ್ದು ಕಡಲಂಚಿನ ಒಂದು ಪುಟ್ಟ ದೇಶ. ಪಕ್ಕದ ದೇಶದ ಹುಡುಗಿ ಮುಖ ಸಣ್ಣದು ಮಾಡಿಕೊಂಡಳೆಂದು ಮೀನು ಹಿಡಿಯುವ ಕಡಲನ್ನು ಕೊಟ್ಟಳು. ಎದುರಿನ ದೇಶದ ಹುಡುಗ ಮತ್ತೆ ಮತ್ತೆ ಕೇಳಿದನೆಂದು ಬಂದರು ಕೊಟ್ಟಳು. ಸಭೆ ಮುಗಿಯುವ ಹೊತ್ತಿಗೆ ಅವಳ ದೇಶಕ್ಕೆ ಉಳಿದದ್ದು ಒಂದು ದೀಪಸ್ತಂಭ. "ನಾಳಿನ ಸಭೆಯಲ್ಲಿ ಅದನ್ನೂ ದಾನ ಮಾಡಿದರೆ ನಿನ್ನನ್ನು ಪಾಸು ಮಾಡಲು ನನ್ನಿಂದಾಗದು" ಎಂದುಬಿಟ್ಟಿದ್ದರು ಮೇಷ್ಟ್ರು. ಫೇಲಾದರೆ ವರ್ಷವೇ ಕೈಬಿಟ್ಟ ಹಾಗೆ.

"ಅವನು ಅಷ್ಟೊಂದು ಕೇಳ್ಕೊಂಡ ಅಮ್ಮ," ಎಂದಳು ಮಗಳು.

"ಕೇಳೋದು ಅವನ ಕೆಲಸ. ದೇವರು ನಿನಗೆ ಬಾಯಿ ಕೊಟ್ಟಿರೋದು ಹೂಂ ಅನ್ನೋಕಷ್ಟೇನಾ?"

ಅಷ್ಟರಲ್ಲಿ ಪಕ್ಕದ ಓಣಿಯ ಟ್ರಂಪೆಟ್ ಮಾಮ ಕೋಟು ಹೊತ್ತು ಬಂದ. ಬ್ಯಾಂಡಿನಲ್ಲಿ ಊದಿ ಊದಿ ಅವನ ಕೆನ್ನೆ ಎರಡೂ ಸದಾ ಉಬ್ಬಿದಂತೆಯೇ ಇರುತ್ತಿದ್ದವು. "ಮಗಳೇ, ನನ್ನದು ಮೊದಲು ಆಗ್ಲಿ," ಎಂದ. "ಆಯ್ತು ಮಾಮ," ಎಂದು ಅವಳು ಕೋಟನ್ನು ರಾಶಿಯ ನೆತ್ತಿಗೆ ಏರಿಸಿದಳು. ಬೆಳಗಿನಿಂದ ಹೀಗೆ 'ಮೊದಲು ಆಗ್ಲಿ' ಎಂದವರ ಬಟ್ಟೆಯೇ ಒಂದು ಗುಡ್ಡವಾಗಿತ್ತು.

ತಾಯಿಗೆ ತಡೆಯಲಾಗಲಿಲ್ಲ. "ಬನ್ನಿ ಇಲ್ಲಿ. ಈಗ ನೀವೊಂದು ದೇಶ," ಎಂದಳು ಅವನಿಗೆ.

"ಯಾರು, ನಾನಾ?"

"ದೊಡ್ಡ ದೇಶ. ಅವಳ ಹತ್ರ ಒಂದು ದೀಪಸ್ತಂಭ ಇದೆ. ಕೇಳಿ. ಅವಳು ಕೊಡಬಾರದು, ಅದೇ ಆಟ."

ಮಾಮನಿಗೆ ಇಷ್ಟು ಸಾಕಾಗಿತ್ತು. ಎದೆ ಉಬ್ಬಿಸಿ ನಿಂತ. "ಎಲೈ ಪುಟ್ಟ ದೇಶವೇ, ನಮ್ಮ ಹಡಗುಗಳು ಕತ್ತಲಲ್ಲಿ ಬಂಡೆಗೆ ಬಡೀತಿವೆ. ದೀಪಸ್ತಂಭ ಕೊಡು."

"ಅಯ್ಯೋ ಪಾಪ. ತಗೊಳ್ಳಿ ಮಾಮ."

ತಾಯಿ ಇಸ್ತ್ರಿಪೆಟ್ಟಿಗೆ ಕುಕ್ಕಿದಳು. "ಪಾಪ ಅಂತೆ. ಬಡಿದ್ರೆ ಹಡಗು ಓಡಿಸೋನಿಗೆ ಬುದ್ಧಿ ಬರುತ್ತೆ. ಇನ್ನೊಂದ್ಸಲ ಕೇಳಿ."

"ಇಲ್ಲ," ಎಂದಳು ಮಗಳು ಈ ಸಲ. "ಯಾಕಂದ್ರೆ, ದೀಪ ನೋಡ್ಕೊಳ್ಳೋನಿಗೆ ಕೆಲಸ ಹೋಗುತ್ತೆ."

"ಅವನನ್ನ ನಾವೇ ಇಟ್ಕೋತೀವಿ. ಇರೋಕೆ ಮನೆನೂ ಕೊಡ್ತೀವಿ."

"ಹಾಗಾದ್ರೆ ಆಯ್ತು."

ತಾಯಿ ಹಣೆ ಹಣೆ ಚಚ್ಚಿಕೊಂಡಳು. "ಕಾರಣ ಯಾಕೆ ಕೊಡ್ತೀಯೇ? ನೀನು ಕಾರಣ ಕೊಟ್ರೆ ಅವರು ಪರಿಹಾರ ತರ್ತಾರೆ. ಗಂಟೆಯೊಳಗೆ ಬೇಕು ಅಂತ ಬರೋರಿಗೆ ನಾನು ಕರೆಂಟಿಲ್ಲ, ಮೈ ಹುಷಾರಿಲ್ಲ ಅಂತೀನಾ? ಆಗಲ್ಲ ಅಂತೀನಿ. ಆಮೇಲೆ ತೆಪ್ಪಗೆ ಕಾಲರ್ ಉಜ್ತೀನಿ. ಅವರು ನಿಂತು ನಿಂತು ಹೋಗ್ತಾರೆ."

ಮೂರನೆಯ ಸಲ ಮಾಮ ಮಂಡಿಯೂರಿದ. ಹಡಗಿನಲ್ಲಿರುವ ಹೆಂಗಸರು ಮಕ್ಕಳನ್ನೆಲ್ಲ ನೆನೆದು ಮೂಗೆಳೆದ. ಹುಡುಗಿಯ ಕಿವಿ ಕೆಂಪಾಯಿತು. ಎಲ್ಲಿ ಅತ್ತುಬಿಡುತ್ತಾಳೋ ಎಂದು ತಾಯಿ ಹೆದರಿದಳು.

"ಕೊಡಲ್ಲ," ಎಂದಳು ಹುಡುಗಿ.

ಮಾಮ ಇನ್ನೂ ಒಂದಿಷ್ಟು ಮೂಗೆಳೆದ. ಅವಳು ಇನ್ನೊಂದು ಕವರು ಎತ್ತಿಕೊಂಡು ಮಡಿಸತೊಡಗಿದಳು. ಅವನು ಮಂಡಿ ಒರೆಸಿಕೊಂಡು ಎದ್ದ. "ನಮ್ಮ ಹಡಗು ಮುಳುಗ್ತು ಕಣಮ್ಮ. ಹೋಗ್ಲಿ, ಕೋಟಾದ್ರೂ ಈಗ್ಲೇ ಆಗುತ್ತಾ?"

"ಸರದಿ ಬಂದಾಗ," ಎಂದು ಹುಡುಗಿ ಕೋಟನ್ನು ರಾಶಿಯ ಬುಡಕ್ಕೆ ಸೇರಿಸಿದಳು. ಮಾಮ ನಗುತ್ತ, ಬೆವರೊರೆಸಿಕೊಳ್ಳುತ್ತ ಹೋದ.

ತಾಯಿಯ ಮನಸ್ಸು ತುಂಬಿ ಬಂತು. ಗೆದ್ದಳಲ್ಲ ಹುಡುಗಿ. ಇನ್ನು ನಾಳಿನದು ನಾಳೆ, ಯಾವ ದೇಶ ಬಂದು ಗೋಗರೆದರೂ ಇವಳು ಜಗ್ಗುವವಳಲ್ಲ. ಆ ಸಂತೋಷದಲ್ಲಿ ಅವಳಿಗೆ ಅಕ್ಕರೆಯ ಒಂದು ಮಾತು ಬೇಕೆನ್ನಿಸಿತು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎಷ್ಟೋ ಸಲ ಕೇಳಿದ್ದನ್ನೇ ಮತ್ತೆ ಕೇಳಿದಳು. ಉತ್ತರ ಗೊತ್ತಿಲ್ಲದೆ ಅಲ್ಲ, ಕೇಳಿಸಿಕೊಳ್ಳಲು ಹಿತವಾಗಿರುತ್ತದೆಂದು.

"ಓದು ಮುಗಿದ ಮೇಲೆ ಅಂಗಡಿ ನೀನೇ ನೋಡ್ಕೋತೀಯಲ್ಲಮ್ಮ?"

ಮಡಿಸುತ್ತಿದ್ದ ಕೈ ನಿಂತಿತು. "ನೀನೀಗ ಯಾವ ದೇಶ, ಅಮ್ಮ?"

"ದೇಶಗೀಶ ಏನೂ ಅಲ್ಲ ಕಣೇ. ಆಟ ಮುಗೀತು. ನಿನ್ನಮ್ಮ ಕೇಳ್ತಿರೋದು."

ಮಗಳು ಕವರಿನ ಅಂಚಿಗೆ ಅಂಚು ಕೂಡಿಸಿದಳು. ಅಂಗೈಯಿಂದ ಒಮ್ಮೆ ಸವರಿ, ಮಡಿಲಿನಿಂದ ಎತ್ತಿ ಮೇಜಿನ ಮೇಲಿಟ್ಟಳು.

"ನೋಡ್ಕೊಳ್ಳಲ್ಲ, ಅಮ್ಮ."