ಬಸಿಯ ಚಹಾ

ಒಬ್ಬರ ಮನೆಯೊಳಗಿನ ಮಾತನ್ನು ಹೀಗೆ ಹೊರಗೆ ಹೇಳುವುದು ತಪ್ಪೇನೋ, ಕ್ಷಮಿಸಬೇಕು. ಆ ಸಂಜೆ ಮಾರುತಿ ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾವನ್ನು ಕುಡಿಯದೆ ಹೆಂಡತಿ ಶೇವಂತಾಳ ಮುಂದೆ ಸರಿಸಿದ. “ಮೊದ್ಲ ನೀ ಕುಡಿ.”

ಕಪ್ಪು ಅವಳಿಗೆ, ಬಸಿ ಅವನಿಗೆ. ಮದುವೆಯಾದಾಗಿನಿಂದ ಹಾಗೇ ಹಂಚಿಕೊಂಡು ಕುಡಿದವರು. ಶೇವಂತಾ ಅವನ ಪಕ್ಕದಲ್ಲಿ ತೆರೆದು ಬಿದ್ದಿದ್ದ ತನ್ನ ಪುಸ್ತಕವನ್ನು ನೋಡಿದಳು. ಕಮಲಾಪುರದಿಂದ ಕಲಬುರಗಿಗೆ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಅವಳು ಓದುತ್ತಿದ್ದ ಕೊಲೆಯ ಕಾದಂಬರಿ ಅದು. ಅದರಲ್ಲಿ ಹೆಂಡತಿಯೊಬ್ಬಳು, ತನ್ನ ತಂಗಿಯನ್ನು ಕೊಂದವನು ಗಂಡನೇ ಎಂದು ತಿಳಿದು, ಅವನ ಚಹಾಕ್ಕೆ ವಿಷ ಬೆರೆಸುತ್ತಾಳೆ.

“ಇದು ಓದಿ ಅಂಜಿದ್ರೇನ್ರಿ? ನಿಮಗ ವಿಷ ಹಾಕಿದ್ರ ಸಂತಿ ಚೀಲ ಯಾರು ಹೊರಬೇಕು?” ಎಂದು ನಗುತ್ತಾ ಅವಳು ಬಸಿ ಎತ್ತಿ ಕುಡಿದಳು.

ಅವನು ನಗಲಿಲ್ಲ. “ತಂಗಿಗಿ ಅಂವನೇ ಕೊಂದಾನಂತ ಆಕಿಗಿ ಹ್ಯಾಂಗ ಗೊತ್ತಾತು?”

ಶೇವಂತಾಳ ತಂಗಿ ಹೋದ ವರ್ಷ ಹೊಲದ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾಲು ಜಾರಿತೆಂದು ಊರಿಗೆಲ್ಲ ಹೇಳಿದವನು ಮಾರುತಿಯೇ. ಅವನು ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದ. ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಎದ್ದು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಬಾವಿಯ ಹತ್ತಿರ ಅಂದು ಏನಾಯಿತೆಂದು ನಮಗೂ ಗೊತ್ತಿಲ್ಲ.