ಮೊದಲು ಓದಿದ್ದು, ಆಮೇಲೆ ಓದಿದ್ದು

ತೆಳ್ಳನೆಯ ಪುಸ್ತಕವೊಂದನ್ನು ಲ್ಯಾಂಬ್ಡಾ ಸಾರ್ ಅವರ ಕೀಬೋರ್ಡಿನ ಮೇಲೆಯೇ ಇಟ್ಟು ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟರ್ ಹುಡುಗಿ ಕೇಳಿದಳು: "ಸಾರ್, ನಿಮ್ಮ ಪಟ್ಟಿಯಲ್ಲಿ ಇದು ಯಾಕಿಲ್ಲ?"

ಆ ಕಚೇರಿಯಲ್ಲಿ ಒಬ್ಬರ ಕೀಬೋರ್ಡಿನ ಮೇಲೆ ಏನನ್ನಾದರೂ ಇಡುವುದೆಂದರೆ ಉಣ್ಣುವ ತಟ್ಟೆಗೆ ಕೈಹಾಕಿದಂತೆ. ಆದರೂ ಅವರು ಸಿಟ್ಟಾಗಲಿಲ್ಲ. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯ ಲಾಂಛನವಾದ ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರವನ್ನು ಕಾಫಿ ಕಪ್ಪಿನ ಮೇಲೂ ಅಚ್ಚು ಹಾಕಿಸಿಕೊಂಡು ಆ ಅಡ್ಡಹೆಸರು ಗಳಿಸಿದ್ದ ಮನುಷ್ಯ. ಪುಸ್ತಕ ಕಂಡರೆ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು.

ಆಸ್ಪತ್ರೆಗಳಲ್ಲಿ ಹಾಸಿಗೆ ಹಂಚುವ ಸಾಫ್ಟ್‌ವೇರನ್ನು ಅದೇ ಪದ್ಧತಿಯಲ್ಲಿ ತಿರುಗಿ ಬರೆಯಬೇಕೆಂದು ತೀರ್ಮಾನವಾದಾಗ, ಎಲ್ಲರೂ ಯಾವುದರಿಂದ ಕಲಿಯಬೇಕೆಂದು ಆರಿಸುವ ಹೊಣೆ ಅವರ ಪಾಲಿಗೆ ಬಂದಿತ್ತು. ಅವರು ಪಟ್ಟಿಯ ಮೊದಲಲ್ಲೇ ಇಟ್ಟದ್ದು ಇಟ್ಟಿಗೆಯಂಥ ಒಂದು ಗ್ರಂಥ. ಅದರ ಮೊದಲ ಅಧ್ಯಾಯದಲ್ಲಿ ಪ್ರೋಗ್ರಾಮೇ ಇರಲಿಲ್ಲ. ಬರೀ ಬಾಣಗಳು, ಪ್ರಮೇಯಗಳು. ಅದನ್ನು ಓದಿ ಪರೀಕ್ಷೆ ದಾಟದವರು ಗ್ರಾಹಕರ ದೂರು ಕೇಳುವ ಫೋನ್ ವಿಭಾಗಕ್ಕೆ ಹೋಗಬೇಕು. ಹಳೆಯ ಸಾಫ್ಟ್‌ವೇರನ್ನು ಮೊದಲ ಸಾಲಿನಿಂದ ಬರೆದಿದ್ದ, ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯ ಪ್ರೋಗ್ರಾಮರ್, ಪರೀಕ್ಷೆಯವರೆಗೂ ಕಾಯದೆ ಅಂದು ಬೆಳಿಗ್ಗೆ ತಾನಾಗಿಯೇ ಕೇಳಿಕೊಂಡು ಅಲ್ಲಿಗೆ ಹೋಗಿದ್ದಳು. "ನನ್ನ ತಲೆಗೆ ತುಕ್ಕು ಹಿಡಿದಿದೆ ಕಣೇ, ಇನ್ನು ಬಲವಂತ ಮಾಡಬಾರದು" ಎಂದು ನಗುತ್ತಲೇ ಕುರ್ಚಿಯ ಮೇಲಿನ ಶಾಲನ್ನು ಮಡಚಿಕೊಂಡಿದ್ದಳು. ಈ ಹುಡುಗಿಗೆ ಕೆಲಸ ಕಲಿಸಿದವಳು ಅವಳೇ.

"ಅರೆ, ಇದೆಲ್ಲಿ ಸಿಕ್ತು ನಿನಗೆ?" ಲ್ಯಾಂಬ್ಡಾ ಸಾರ್ ಪರಿವಿಡಿಯನ್ನೂ ನೋಡದೆ ನೇರವಾಗಿ ಒಂದು ಪುಟಕ್ಕೆ ಹೋದರು. "ಇಲ್ನೋಡು, ರೈಲಿನ ಲೆಕ್ಕ. ಮುಂದಿನ ಡಬ್ಬಿ ಕಳಚಿದರೆ ಉಳಿದಿದ್ದೂ ರೈಲೇ. ಅದರ ಮುಂದಿನ ಡಬ್ಬಿ ಕಳಚಿದರೆ, ಆಗ್ಲೂ ರೈಲೇ. ರಿಕರ್ಶನ್ ಅಂದ್ರೆ, ಒಂದರೊಳಗೆ ಅದೇ ಮತ್ತೆ ಬರೋದು ಅಂದ್ರೆ, ಏನು ಅಂತ ನನಗೆ ಹೊಳೆದಿದ್ದೇ ಇಲ್ಲಿ. ಬಸ್ಸಲ್ಲಿ ಓದ್ತಾ ಇದ್ದೆ, ಇಳಿಯೋ ಸ್ಟಾಪೇ ಮರೆತುಹೋಯ್ತು."

ಅವರಿಗೆ ಈ ಪುಸ್ತಕ ಗೊತ್ತೇ ಇಲ್ಲವೆಂದುಕೊಂಡು ಅವಳು ಬಂದಿದ್ದಳು. ಗೊತ್ತಿಲ್ಲದಿದ್ದುದನ್ನು ಕ್ಷಮಿಸಲು ಸಿದ್ಧಳಾಗಿಯೂ ಬಂದಿದ್ದಳು.

"ನೀವು ಕಲಿತದ್ದು ಇದರಿಂದಾನಾ?"

"ಶುರು ಮಾಡಿದ್ದು ಇದರಿಂದ. ದೊಡ್ಡದನ್ನ ಆಮೇಲೆ ಓದಿದೆ. ಅದರ ರುಚಿನೇ ಬೇರೆ ಬಿಡು."

"ನೀವು ಆಮೇಲೆ ಓದಿದ್ದನ್ನ ನಮಗೆ ಮೊದಲೇ ಕೊಟ್ರಿ."

"ಇದು ಚಿತ್ರದ ಪುಸ್ತಕ ಕಣಮ್ಮ. ಪಟ್ಟಿ ಕೆಳಗೆ ನನ್ನ ಹೆಸರಿರುತ್ತೆ. ಮೇಲಿನವರು ನೋಡಿದ್ರೆ ನನ್ನ ಬಗ್ಗೆ ಏನಂದ್ಕೊಳ್ತಾರೆ?"

"ಅಕ್ಕ ತನ್ನ ಬಗ್ಗೆ ಏನಂದ್ಕೊಂಡಳು, ಕೇಳಿದ್ರಾ?"

ಲ್ಯಾಂಬ್ಡಾ ಸಾರ್ ಕಪ್ಪನ್ನೆತ್ತಿ, ಅದು ಖಾಲಿಯಿದ್ದರೂ ಒಂದು ಗುಟುಕು ಕುಡಿದಂತೆ ಮಾಡಿದರು. "ಅಕ್ಕನಿಗೆ ವಯಸ್ಸಾಯ್ತು. ಅದಕ್ಕೆ ಪುಸ್ತಕ ಏನು ಮಾಡುತ್ತೆ?"

"ದೊಡ್ಡದನ್ನ ನಾವಿಬ್ಬರೂ ಒಟ್ಟಿಗೆ ಕೂತು ಓದಿದ್ವಿ ಸಾರ್. ಇಬ್ಬರಿಗೂ ಒಂದಕ್ಷರ ತಲೆಗೆ ಹೋಗಲಿಲ್ಲ. ನಾನು ಅರ್ಥ ಆದ ಹಾಗೆ ತಲೆಯಾಡಿಸಿದೆ, ಅವಳು ಆಡಿಸಲಿಲ್ಲ. ಅಷ್ಟೇ ವ್ಯತ್ಯಾಸ. ಈ ರೈಲು ಮಾತ್ರ ನಿನ್ನೆ ಸಂಜೆ ಓದಿದ ಕೂಡಲೇ ಅರ್ಥ ಆಯ್ತು."

"ಆಯ್ತಮ್ಮ, ಮುಖ ಊದಿಸ್ಕೋಬೇಡ. ಮುಂದಿನ ತಂಡಕ್ಕೆ ಪೂರಕ ಓದು ಅಂತ ಕೆಳಗೆಲ್ಲಾದರೂ ಸೇರಿಸೋಣ. ಈ ಸಲದ ಓದು ಮುಗೀತಲ್ಲ."

ಮುಗಿದದ್ದು ಯಾರದ್ದು ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಯವರೆಗೂ ಬಂತು. ಪುಸ್ತಕಕ್ಕೆ ಕೈಚಾಚಿದಳು. ಅವರ ಬೆರಳು ಇನ್ನೂ ರೈಲಿನ ಪುಟದಲ್ಲೇ ಸಿಕ್ಕಿಕೊಂಡಿತ್ತು; ಎಳೆದೇ ತೆಗೆದುಕೊಂಡಳು.

"ಓದಿಯಾದ ಮೇಲೆ ನನಗೂ ಒಂದ್ಸಲ ಕೊಡು" ಎಂದರು ಅವರು ಹಿಂದಿನಿಂದ. "ನನ್ನ ಪ್ರತಿ ಎಲ್ಲೋ ಕಳೆದುಹೋಗಿದೆ."

ಅವಳು ತಿರುಗಿಯೂ ನೋಡದೆ ಮೆಟ್ಟಿಲಿಳಿದಳು. ಫೋನ್ ವಿಭಾಗದ ಬಾಗಿಲು ತೆರೆದಿತ್ತು. ಕಿಟಕಿಯಿಲ್ಲದ ಆ ಕೋಣೆಯ ಕೊನೆಯ ಮೇಜಿನಲ್ಲಿ ಅಕ್ಕ, ಕಿವಿಗೆ ಇನ್ನೂ ಒಗ್ಗದ ಹೆಡ್‌ಫೋನನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಯಾವುದೋ ಆಸ್ಪತ್ರೆಯ ಗುಮಾಸ್ತನನ್ನು ಸಮಾಧಾನಪಡಿಸುತ್ತಿದ್ದಳು:

"ಛೆ, ಹಾಗೆಲ್ಲ ಅಂದ್ಕೋಬೇಡಿಪ್ಪ. ನಿಮ್ಮ ತಲೆ ಸರಿಯಾಗೇ ಇದೆ. ಅರ್ಥ ಆಗೋ ಹಾಗೆ ಹೇಳಿಕೊಡದೇ ಇದ್ದದ್ದು ನಮ್ಮ ತಪ್ಪು."