ಗೋಡೆ ದಾಟಿದ ಸೋರೆಕಾಯಿ

ತೂಕ ಇಳಿಸದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದೇ ತಡ, ಪರಮೇಶಿಯ ಹೆಂಡತಿ ಹಿತ್ತಲ ತುಂಬ ಸೋರೆಬಳ್ಳಿ ಹಬ್ಬಿಸಿದಳು. ಕಾಯಿ ಬಿಟ್ಟ ಮೇಲೆ ಅವನ ತಟ್ಟೆಯಲ್ಲಿ ಎಣ್ಣೆ ಕಾಣದ, ತೆಂಗಿನತುರಿ ಸೋಕದ ಸೋರೆಕಾಯಿ ಪಲ್ಯದ ಗುಡ್ಡೆ; ನಂಚಿಕೊಳ್ಳಲು ಎರಡು ತುತ್ತು ಅನ್ನ.

ಅವಳು ಕೆಲಸಕ್ಕೆ ಹೊರಟೊಡನೆ ಪರಮೇಶಿ ಪಲ್ಯವನ್ನೆಲ್ಲ ಡಬ್ಬಿಗೆ ತುಂಬಿ, ಕಾಂಪೌಂಡ್ ಗೋಡೆಯ ಮೇಲಿಂದ ಪಕ್ಕದ ಮನೆಯ ಸರ್ವಮಂಗಳಮ್ಮನಿಗೆ ದಾಟಿಸುತ್ತಿದ್ದ. ಕೊಟ್ಟವರ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಒಂದು ದಿನ ಹೋಳಿಗೆ, ಇನ್ನೊಂದು ದಿನ ಕೋಡುಬಳೆ ತುಂಬಿಕೊಂಡು ಡಬ್ಬಿ ವಾಪಸು ಬರುತ್ತಿತ್ತು. ಪರಮೇಶಿ ಅದನ್ನು ಬಳ್ಳಿಯ ಚಪ್ಪರದ ಕೆಳಗೇ ಕೂತು ಮುಗಿಸುತ್ತಿದ್ದ.

"ಇಷ್ಟು ಪಥ್ಯ ಮಾಡಿದ್ರೂ ಇನ್ನೂ ಏರಿದೀರಲ್ರೀ," ಎಂದಳು ಹೆಂಡತಿ, ತೂಕದ ಮೆಷಿನ್ನನ್ನೇ ಅನುಮಾನದಿಂದ ನೋಡುತ್ತ.

"ಸೋರೆಕಾಯಿ ಅಂದ್ರೆ ಬರೀ ನೀರಲ್ವೇನೇ. ಅದರ ತೂಕ ಇರ್ಬೇಕು."

ಅವಳು ನಿಟ್ಟುಸಿರಿಟ್ಟು, ಮರುದಿನದಿಂದ ಪಲ್ಯವನ್ನು ಇಮ್ಮಡಿ ಮಾಡಿದಳು. ಪರಮೇಶಿ ದೊಡ್ಡ ಡಬ್ಬಿ ಹುಡುಕಿದ.

ಒಂದು ಮಧ್ಯಾಹ್ನ ಡಬ್ಬಿ ಹಿಂದಿರುಗಿಸಲು ಸರ್ವಮಂಗಳಮ್ಮ ಗೋಡೆಯಾಚೆಯಿಂದ ಕೈ ಚಾಚಿದರು. ಮುಂಗೈಗೆ ಬಿಗಿಯಾಗಿ ಕೂತಿರುತ್ತಿದ್ದ ಬಳೆಗಳು ಜಾರಿ ಮೊಣಕೈ ಮುಟ್ಟಿದವು.

"ಎಲ್ಲ ನಿಮ್ಮನೆ ಪಲ್ಯದ ಪುಣ್ಯ, ಪರಮೇಶಣ್ಣ. ನೋಡಿ ಹೆಂಗೆ ಇಳ್ದಿದೀನಿ. ಎಣ್ಣೆ ಬಾಣಲೇನ ಅಟ್ಟಕ್ಕೆ ಹಾಕ್ಬಿಟ್ಟೆ."

ಪರಮೇಶಿ ಗಾಬರಿಯಿಂದ ಡಬ್ಬಿ ಇಸಿದುಕೊಂಡು ಕೈಯಲ್ಲೇ ತೂಗಿ ನೋಡಿದ. ಭಾರವಾಗಿಯೇ ಇತ್ತು. ಆಸೆಯಿಂದ ಮುಚ್ಚಳಕ್ಕೆ ಕೈ ಹಾಕಿದ.

"ಖಾಲಿ ಕೊಡ್ಬಾರ್ದಲ್ಲ," ಎಂದರು ಸರ್ವಮಂಗಳಮ್ಮ. "ನಾನೂ ಸೋರೆಬಳ್ಳಿ ಹಬ್ಬಿಸಿದ್ದೆ. ಮೊದಲ್ನೇ ಕಾಯಿ ಪಲ್ಯ ನಿಮಗೇ. ಉಪ್ಪೂ ಹಾಕಿಲ್ಲ."